ಬಿಡಿಯಾಗಿ ದೊರೆಯುವ ಪ್ರಾಚೀನ ಹಾಗೂ ಮಧ್ಯಕಾಲೀನ ನಾಣ್ಯಗಳ ದಾಖಲಾತಿ

ಉಳುವಾಗ, ಪಾಯ ತೋಡುವಾಗ ಒಂಟಿಯಾಗಿ ದೊರೆಯುವ ಹಳೆಯ ನಾಣ್ಯವೂ ಚರಿತ್ರೆಯ ಆಧಾರವಾಗಿರುತ್ತದೆ. ನಿಧಿಯು ಕೂಡಿಟ್ಟ ಸಂಪತ್ತನ್ನು ಸೂಚಿಸಿದರೆ, ಬಿಡಿ ನಾಣ್ಯವು ಸಾಮಾನ್ಯವಾಗಿ ಬಳಕೆಯಲ್ಲಿ ಕಳೆದುಹೋದುದಾಗಿದ್ದು, ದೈನಂದಿನ ಚಲಾವಣೆಯನ್ನು ತಿಳಿಸುತ್ತದೆ. ಚಿತ್ರದುರ್ಗದ ಚಂದ್ರವಳ್ಳಿ ಉತ್ಖನನದಲ್ಲಿ ದೊರೆತ ರೋಮನ್ ಸಾಮ್ರಾಟ ಟೈಬೀರಿಯಸ್‌ನ (ಕ್ರಿ.ಶ. 14-37) ಬೆಳ್ಳಿ ನಾಣ್ಯವು ಆ ನೆಲೆಯ ಕಾಲನಿರ್ಣಯಕ್ಕೆ ನೆರವಾಗಿದೆ.

ದಾಖಲಿಸಬೇಕಾದ ವಿವರಗಳು:
1. ಗ್ರಾಮ, ಸರ್ವೆ ನಂಬರ್, ಆಳ, ದಿನಾಂಕ
2. ಲೋಹ, ತೂಕ (ಗ್ರಾಂ), ವ್ಯಾಸ (ಮಿ.ಮೀ.)
3. ಎರಡೂ ಮುಖಗಳ ಚಿಹ್ನೆ, ಬರಹ, ಛಾಯಾಚಿತ್ರ
4. ಜೊತೆಯಲ್ಲಿ ದೊರೆತ ಮಡಕೆ ಚೂರು ಮುಂತಾದವು

ನಾಣ್ಯವನ್ನು ಹುಣಸೆಹಣ್ಣು ಅಥವಾ ಆಮ್ಲದಿಂದ ಉಜ್ಜಬಾರದು, ಅಕ್ಷರಗಳು ಅಳಿಸಿಹೋಗುತ್ತವೆ. ನೆಲದಲ್ಲಿ ಹುದುಗಿದ್ದ ನಿಕ್ಷೇಪವು ದೊರೆತಲ್ಲಿ, 1962ರ ಕರ್ನಾಟಕ ನಿಧಿ ನಿಕ್ಷೇಪ ಅಧಿನಿಯಮದನ್ವಯ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ದೊರೆತ ಸ್ಥಳದ ವಿವರವು ಒಮ್ಮೆ ಕಳೆದುಹೋದಲ್ಲಿ, ನಾಣ್ಯವು ಉಳಿದರೂ ಅದು ಹೇಳಬಹುದಾಗಿದ್ದ ಚರಿತ್ರೆಯು ಉಳಿಯುವುದಿಲ್ಲ.