ಹತ್ತಽ ಯಾಕ?

ಆಪರೇಷನ್ ಆಗಿ ಮೂರನೇ ತಿಂಗಳಿಗೆ ಫಿಸಿಯೋಥೆರಪಿಸ್ಟ್ ಮೇಡಂ ಒಂದು ಹಾಳೆ ಕೊಟ್ಟರು. ಕುರ್ಚಿ ಮೇಲೆ ಕೂತು ಕಾಲು ನೇರ ಮಾಡುವ ಮನುಷ್ಯನ ಚಿತ್ರ, ಪಕ್ಕದಲ್ಲಿ ಪೆನ್ನಿನಿಂದ ಬರೆದದ್ದು: 10 × 3. ಅಪ್ಪ ಕನ್ನಡಕ ಏರಿಸಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಹತ್ತಽ ಯಾಕ?" ಅಂದ.

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ನಮ್ಮದು ಬಾಗಲಕೋಟೆ ಕಡೆಯ ಹಳ್ಳಿ. ಹರೆಯದಲ್ಲಿ ಅಪ್ಪ ಗರಡಿಮನಿಗೆ ಹೋಗುತ್ತಿದ್ದ. ಅಲ್ಲಿಯದು ನೂರರ ಲೆಕ್ಕ. ನೂರು ದಂಡ, ಇನ್ನೂರು ಬಸ್ಕಿ, ಬೆವರಿಗೆ ಕೆಮ್ಮಣ್ಣು ಮೆತ್ತಿಕೊಳ್ಳುವವರೆಗೆ. ಜಾತ್ರೆಯ ಲೆಕ್ಕ ಬೇರೆ. ಸಂಗ್ರಾಣಿ ಕಲ್ಲನ್ನು ಒಂದು ಸಲ ಎತ್ತಬೇಕು, ಒಂದೇ ಸಲ. ಎತ್ತಿದರೆ ಊರೆಲ್ಲಾ ಸಿಳ್ಳೆ, ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ. ಹೀಗೆ ಅಪ್ಪನಿಗೆ ನೂರೂ ಗೊತ್ತು, ಒಂದೂ ಗೊತ್ತು. ನಡುವೆ ಈ ಹತ್ತು ಎಲ್ಲಿಂದ ಬಂತು?

"ಜಿಮ್‌ನ್ಯಾಗ ಎಲ್ಲಾರೂ ಹಂಗಽ ಮಾಡ್ತಾರಪ್ಪ" ಅಂದೆ. ನಾನು ಆರು ವರ್ಷದಿಂದ ಬೆಂಗಳೂರಲ್ಲಿ ಜಿಮ್‌ಗೆ ಹೋಗುವವನು, ಹತ್ತು ಹತ್ತು ಹತ್ತು ಎಂದು ಎಣಿಸುತ್ತಲೇ ಇದ್ದೇನೆ, ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ನಮ್ಮ ಆಫೀಸಿನ ಹಳೇ ಕೋಡಿನಲ್ಲೂ ಇಂಥ ಅಂಕಿಗಳಿರುತ್ತವೆ. ಯಾರು ಬರೆದರೋ ಗೊತ್ತಿಲ್ಲ, ತೆಗೆಯೋಕೆ ಯಾರಿಗೂ ಧೈರ್ಯವಿಲ್ಲ.

ಈ ನಡುವೆ ನಾನೊಂದು ಘನಕಾರ್ಯ ಮಾಡಿದೆ. ಕಾಲಿಗೆ ಕಟ್ಟಲು ಕೊಟ್ಟಿದ್ದು ಒಂದು ಕಿಲೋದ ಮರಳಿನ ಚೀಲ. ನೋಡಿ ನಗು ಬಂತು. ಜೋಳದ ಚೀಲ ಹೊತ್ತ ಮನುಷ್ಯನಿಗೆ ಇದೇನು ಅಂತ ಮೇಡಂಗೆ ಹೇಳದೆ ನಾಲ್ಕು ಕಿಲೋ ಕಟ್ಟಿ, ಮೂರೂ ಹತ್ತನ್ನು ಅದರಲ್ಲೇ ಮಾಡಿಸಿದೆ. ಮರುದಿನ ಬೆಳಿಗ್ಗೆ ಮೊಣಕಾಲು ಊದಿ ಕುಂಬಳಕಾಯಿ ಆಗಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ರಾತ್ರಿ ಅವನ ಕಾಲಿಗೆ ಐಸ್ ಹಿಡಿದುಕೊಂಡು ಕೂತು, ಈ ಹತ್ತರ ಮೂಲ ಹುಡುಕಿದೆ.

ಅದು ಹುಟ್ಟಿದ್ದು ಜಿಮ್‌ನಲ್ಲಲ್ಲ, ಯುದ್ಧದ ಆಸ್ಪತ್ರೆಯಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಷಿಕಾಗೋದಲ್ಲಿ, ಮಿಷಿಗನ್ ಸರೋವರದ ದಂಡೆಯ ದೊಡ್ಡ ಹೋಟೆಲೊಂದನ್ನು ಅಮೆರಿಕದ ಸೇನೆ ಆಸ್ಪತ್ರೆ ಮಾಡಿಕೊಂಡಿತ್ತು. ಗಾರ್ಡಿನರ್ ಜನರಲ್ ಆಸ್ಪತ್ರೆ. ಗಾಯಗೊಂಡ ಸೈನಿಕರು ಬರುತ್ತಲೇ ಇದ್ದರು, ಮಂಚ ಖಾಲಿಯಾಗುತ್ತಿರಲಿಲ್ಲ. ಮೊಣಕಾಲಿನ ಆಪರೇಷನ್ ಆದವರ ತೊಡೆ ಬತ್ತಿಹೋಗುತ್ತಿತ್ತು, ಚೇತರಿಕೆಗೆ ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಆಗಿನ ರೂಢಿಯ ವ್ಯಾಯಾಮವೆಂದರೆ ಹಗುರ ಭಾರ, ಬಹಳ ಸಲ.

ಅಲ್ಲಿದ್ದ ಥಾಮಸ್ ಡಿಲಾರ್ಮ್ ಎಂಬ ವೈದ್ಯನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಹುಡುಗನಿದ್ದಾಗ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಆಮೇಲೆ ಭಾರ ಎತ್ತಿ ಎತ್ತಿಯೇ ಮೈ ಕಟ್ಟಿಕೊಂಡವನು. ಅವನ ವಾದ ಸರಳ. ಹಗುರ ಭಾರವನ್ನು ಬಹಳ ಸಲ ಎತ್ತಿದರೆ ದಮ್ಮು ಬರುತ್ತದೆ, ದೊಡ್ಡ ಭಾರವನ್ನು ಕೆಲವೇ ಸಲ ಎತ್ತಿದರೆ ಬಲ ಬರುತ್ತದೆ. ಒಂದರ ಕೆಲಸ ಇನ್ನೊಂದು ಮಾಡಲಾರದು. ಬತ್ತಿದ ತೊಡೆಗೆ ಮೊದಲು ಬೇಕಾದದ್ದು ಬಲ. ಅವನು ರೋಗಿಗಳ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ತೂಕ ಸಿಕ್ಕಿಸಿ ಎತ್ತಿಸಿದ. 1945ರಲ್ಲಿ ಇದನ್ನೆಲ್ಲ ಪ್ರಬಂಧವಾಗಿ ಪ್ರಕಟಿಸಿದ.

ಕಬ್ಬಿಣ ಎತ್ತುವುದೇನೂ ಹೊಸದಲ್ಲ. ಆ ಹೊತ್ತಿಗೆ ನಮ್ಮ ಬೆಂಗಳೂರಲ್ಲೇ ಕೆ.ವಿ. ಅಯ್ಯರ್ (ಹೌದು, 'ಶಾಂತಲಾ' ಕಾದಂಬರಿ ಬರೆದವರೇ) ವ್ಯಾಯಾಮಶಾಲೆ ನಡೆಸುತ್ತಿದ್ದರು, ಅಂಚೆಯಲ್ಲೂ ಪಾಠ ಕಳಿಸುತ್ತಿದ್ದರು. ಡಿಲಾರ್ಮ್ ಮಾಡಿದ್ದು, ಅದನ್ನು ಔಷಧಿಯ ಹಾಗೆ ಅಳೆದು ಕೊಟ್ಟದ್ದು. ಹತ್ತು ಸಲ ಎತ್ತಬಹುದು, ಹನ್ನೊಂದನೇ ಸಲ ಆಗುವುದಿಲ್ಲ, ಅಂಥ ತೂಕವೇ ಆ ರೋಗಿಯ ಅಳತೆ. ಬಲ ಹೆಚ್ಚಿದಂತೆ ಮತ್ತೆ ಅಳೆದು ತೂಕ ಹೆಚ್ಚಿಸುವುದು.

ಒಂದು ಸಂಗತಿ ಓದಿ ನಾನು ಐಸ್ ಪ್ಯಾಕ್ ಕೆಳಗಿಟ್ಟೆ. ಮೊದಲಿನ ಪದ್ಧತಿಯಲ್ಲಿ ಹತ್ತರ ಸೆಟ್‌ಗಳು ಮೂರಲ್ಲ, ಏಳರಿಂದ ಹತ್ತು. ಅಂದರೆ ಎಪ್ಪತ್ತರಿಂದ ನೂರು ಸಲ! ಅಪ್ಪನ ನೂರು ಅಲ್ಲೂ ಇತ್ತು, ಹತ್ತು ತುಂಡಾಗಿ. ಅಷ್ಟು ಬೇಕಿಲ್ಲ ಅಂತ ಅನುಭವದಿಂದ ಗೊತ್ತಾಗಿ, 1948ರಲ್ಲಿ ಡಿಲಾರ್ಮ್ ಮತ್ತು ಆರ್ಥರ್ ವಾಟ್ಕಿನ್ಸ್ ಅದನ್ನು ಮೂರು ಹತ್ತಿಗೆ ಇಳಿಸಿದರು. ಆದರೆ ಆ ಮೂರು ಒಂದೇ ಥರದವಲ್ಲ. ಮೊದಲ ಹತ್ತಕ್ಕೆ ಅರ್ಧ ತೂಕ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಮಾತ್ರ ಪೂರ್ತಿ. ನಾವು ಅಂಕಿಯನ್ನು ಇಟ್ಟುಕೊಂಡು ಈ ಮೆಟ್ಟಿಲುಗಳನ್ನು ಬಿಟ್ಟುಬಿಟ್ಟಿದ್ದೇವೆ. ನಾನಂತೂ ಬಿಟ್ಟಿದ್ದೆ, ಅದೂ ನಾಲ್ಕು ಕಿಲೋ ಕಟ್ಟಿ.

ಮುಂದಿನದು ಅಂಕಿಗಳ ಜಗಳ. 1951ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಿನೋವೀಫ್ ಎಂಬಾತ ಸರದಿಯನ್ನೇ ತಿರುವಿಹಾಕಿದ. ಮೊದಲು ಪೂರ್ತಿ ತೂಕ, ದಣಿದಂತೆ ಇಳಿಕೆ. 1962ರಲ್ಲಿ ರಿಚರ್ಡ್ ಬರ್ಗರ್ ಅಮೆರಿಕದ ಕಾಲೇಜು ಹುಡುಗರನ್ನು ಗುಂಪು ಮಾಡಿ, ಎರಡು, ಆರು, ಹತ್ತು ರೆಪ್‌ಗಳನ್ನು ಒಂದು, ಎರಡು, ಮೂರು ಸೆಟ್‌ಗಳಲ್ಲಿ ಹನ್ನೆರಡು ವಾರ ಮಾಡಿಸಿದ. ಬಲಕ್ಕೆ ಆರರ ಮೂರು ಸೆಟ್ ಮೇಲು ಅಂತ ಬಂತು. ಸರಿ, ಇನ್ನು ಆರೇ ಮಾಡೋಣ ಅನ್ನಬಹುದಿತ್ತು. ಆದರೆ ಒಂದೇ ಅಂಕಿಗೆ ಮೈ ಒಗ್ಗಿಹೋಗುತ್ತದೆ ಅನ್ನೋದು ತಾಲೀಮು ಮಾಡಿದವರಿಗೆಲ್ಲ ಗೊತ್ತು. 1988ರಲ್ಲಿ ಕೆನಡಾದ ತರಬೇತುದಾರ ಚಾರ್ಲ್ಸ್ ಪೊಲಿಕ್ವಿನ್ ಅಂಕಿಗಳನ್ನು ಏರಿಳಿಸುತ್ತಾ ಹೋಗಿ ಎಂದು ಬರೆದ. 2002ರಲ್ಲಿ ಮ್ಯಾಥ್ಯೂ ರೇ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಒಂದು ಗುಂಪು ನಾಲ್ಕು ವಾರ ಎಂಟು, ನಾಲ್ಕು ವಾರ ಆರು, ನಾಲ್ಕು ವಾರ ನಾಲ್ಕು. ಇನ್ನೊಂದು ಗುಂಪು ಒಂದೇ ವಾರದೊಳಗೆ ದಿನಕ್ಕೊಂದರಂತೆ ಎಂಟು, ಆರು, ನಾಲ್ಕು. ಒಟ್ಟು ಕೆಲಸ ಸಮ. ದಿನಕ್ಕೊಂದು ಅಂಕಿ ಮಾಡಿದವರ ಬಲವೇ ಹೆಚ್ಚು ಏರಿತು. ಇದ್ದದ್ದು ಇಪ್ಪತ್ತೇ ಜನ, ಹಾಗಾಗಿ ನಾನು ಇದನ್ನು ವೇದ ಅನ್ನುವುದಿಲ್ಲ.

ಡಿಲಾರ್ಮ್ ಕಟ್ಟಿದ ಗೋಡೆ ಈಗ ಅರ್ಧ ಬಿದ್ದಿದೆ. 2017ರಲ್ಲಿ ಬ್ರಾಡ್ ಷೋನ್‌ಫೆಲ್ಡ್ ಮತ್ತಿತರರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇನ್ನು ಆಗಲ್ಲ ಅನ್ನುವವರೆಗೆ ಎತ್ತಿದರೆ ಹಗುರ ಭಾರದಲ್ಲೂ ಸ್ನಾಯು ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ ಎಂದು ಕಂಡಿತು. ಆದರೆ ಒಂದೇ ಸಲ ದೊಡ್ಡದನ್ನು ಎತ್ತುವ ಬಲಕ್ಕೆ ದೊಡ್ಡ ಭಾರವೇ ಮೇಲು. ಸಂಗ್ರಾಣಿ ಕಲ್ಲಿನ ಮಟ್ಟಿಗೆ ಡಿಲಾರ್ಮ್ ಇನ್ನೂ ಗೆದ್ದೇ ಇದ್ದಾನೆ.

ಊತ ಇಳಿದ ಮೇಲೆ ಮೇಡಂ ಹತ್ತಿರ ಹೋಗಿ ನಾಲ್ಕು ಕಿಲೋದ ವಿಷಯ ಒಪ್ಪಿಕೊಂಡೆ. ಅವರು ನನ್ನನ್ನು ಒಮ್ಮೆ ನೋಡಿ, ಮಾತಾಡದೆ ಹೊಸ ಹಾಳೆ ಬರೆದರು. ಅರ್ಧ ಕಿಲೋದಿಂದ ಶುರು. ಆರು ವಾರ ಕಳೆದ ಮೇಲೆ ಅದರಲ್ಲಿ ಎರಡು ಥರದ ದಿನ ಬಂದವು: ಸೋಮವಾರ ಸ್ವಲ್ಪ ಭಾರದಲ್ಲಿ ಹತ್ತು, ಗುರುವಾರ ಹಗುರದಲ್ಲಿ ಇಪ್ಪತ್ತು.

ಷಿಕಾಗೋದ ಕಥೆಯನ್ನು ಅಪ್ಪನಿಗೆ ಹೇಳಿದೆ. ಎಪ್ಪತ್ತರಿಂದ ನೂರು ಸಲ ಅಂದಾಗ ತೊಡೆ ತಟ್ಟಿ, "ಮತ್ತ! ನೂರಽ ಇತ್ತಲ್ಲ" ಅಂದ. ಹೊಸ ಹಾಳೆಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ನೋಡುತ್ತಾ ನಿಂತ.

"ಸೋಮಾರ ಹತ್ತು, ಗುರುವಾರ ಇಪ್ಪತ್ತು. ತಮ್ಮಾ, ಒಂದರ ದಿನ ಯಾವಾಗ?"