ಎಲ್ಲವೂ ಹದ್ದಲ್ಲ

ಆಕಾಶದಲ್ಲಿ ಸುತ್ತು ಹಾಕುವ ದೊಡ್ಡ ಹಕ್ಕಿಯನ್ನೆಲ್ಲ ‘ಹದ್ದು’ ಎಂದುಬಿಡುವುದು ವಾಡಿಕೆ. ಬಾಲ ನೋಡಿದರೆ ಗುರುತು ಹಿಡಿಯುವುದು ಕಷ್ಟವಲ್ಲ. ಊರ ಮೇಲೆ ಹಾರಾಡುವ ಕಂದು ಹದ್ದಿನ ಬಾಲ ಕವಲೊಡೆದಿರುತ್ತದೆ. ವಿಷ್ಣುವಿನ ವಾಹನವೆಂದು ಜನ ಕೈಮುಗಿಯುವ ಗರುಡನದು ದುಂಡು ಬಾಲ; ಬೆಳೆದ ಹಕ್ಕಿಯ ತಲೆ, ಎದೆ ಬಿಳಿ, ಉಳಿದ ಮೈ ಕೆಂಗಂದು. ರಣಹದ್ದಿನ ಬಾಲ ಮೋಟು, ರೆಕ್ಕೆ ಬಲು ಅಗಲ.

ಈ ಗುರುತಿನ ಬೆಲೆ ತಿಳಿದದ್ದು 1990ರ ದಶಕದಲ್ಲಿ. ರಾಜಸ್ಥಾನದ ಭರತಪುರ ಪಕ್ಷಿಧಾಮದಲ್ಲಿ ವಿಜ್ಞಾನಿ ವಿಭು ಪ್ರಕಾಶ್ ಜಾತಿವಾರು ಲೆಕ್ಕ ಇಟ್ಟಿದ್ದರು. ಬಿಳಿಬೆನ್ನಿನ ಮತ್ತು ಉದ್ದಕೊಕ್ಕಿನ ರಣಹದ್ದುಗಳ ಸಂಖ್ಯೆ ತೀವ್ರವಾಗಿ ಕುಸಿದಿರುವುದನ್ನು ಆ ಲೆಕ್ಕ ತೋರಿಸಿತು. ಕಾರಣ ಹೊರಬಿದ್ದದ್ದು 2004ರಲ್ಲಿ ಪ್ರಕಟವಾದ, ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ. ದನಗಳಿಗೆ ನೋವು ನಿವಾರಣೆಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಭಾರತ ಸರ್ಕಾರ ಜಾನುವಾರುಗಳಿಗಾಗಿ ಅದನ್ನು ತಯಾರಿಸುವುದನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುವ, ರಾಮನಗರದ ಬಳಿಯ ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು.

ಎಲ್ಲವನ್ನೂ ಬರೀ ‘ಹದ್ದು’ ಎಂದು ಎಣಿಸಿದ್ದರೆ, ಊರ ಹದ್ದುಗಳ ಗುಂಪಿನಲ್ಲಿ ರಣಹದ್ದಿನ ಅಳಿವು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.