ಕೆರೆ ಸುತ್ತೋಕೆ ಹೊರಟೆ, ಸುತ್ತು ಮುಗೀಲಿಲ್ಲ

1/8
ಫೀಡ್‌ನಲ್ಲಿ ನೀವೂ ನೋಡಿರ್ತೀರಿ. ಎಲ್ಲೋ ದೂರದ ಕಡಲ ತೀರದ ಊರು, ಪಕ್ಕದಲ್ಲಿ ನೀಲಿ ಸರೋವರ, ಅದರ ಸುತ್ತ ಕನ್ನಡಿಯಂಥ ಟಾರು ರಸ್ತೆ. ಹೆಲ್ಮೆಟ್ ಹಾಕ್ಕೊಂಡವರು ಸಾಲಾಗಿ ಸೈಕಲ್ ತುಳೀತಾರೆ, ಹೊರಟ ಜಾಗಕ್ಕೇ ವಾಪಸ್ ಬಂದು ಫೋಟೊ ಹಾಕ್ತಾರೆ. ನಂಗೂ ಆಸೆ ಆಯ್ತು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕಡಲಿಲ್ಲ, ನಿಜ. ಆದರೆ ಕೆರೆಗೇನು ಬರ?

ಫೋಟೊದಲ್ಲಿರೋ ಸೈಕಲ್ ನನ್ನದಲ್ಲ, ಅಕ್ಕಂದು. ಎಂಟನೇ ಕ್ಲಾಸಿನವರಿಗೆ ಸರ್ಕಾರ 2006-07ರಲ್ಲಿ ಸೈಕಲ್ ಕೊಡೋಕೆ ಶುರು ಮಾಡ್ತಲ್ಲ, ಆ ಯೋಜನೆಯಲ್ಲಿ ಅಕ್ಕನಿಗೂ ಒಂದು ಬಂತು. ಹಳ್ಳಿಯಿಂದ ಹೈಸ್ಕೂಲಿಗೆ ಹೋಗೋದೇ ಬೇಡ ಅಂತಿದ್ದ ಮನೇಲಿ ಆ ಸೈಕಲ್ ಬಂದ ಮೇಲೆ ಮಾತು ನಿಂತಿತು. ಗೇರ್ ಇಲ್ಲ, ಬೆಲ್ ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತೆ, ಆದರೆ ಕ್ಯಾರಿಯರ್ ಮಾತ್ರ ಗಟ್ಟಿ. ಆ ಕ್ಯಾರಿಯರ್ ನೆನಪಿಟ್ಕೊಳ್ಳಿ, ಕೊನೇ ಪೋಸ್ಟಲ್ಲಿ ಬೇಕಾಗುತ್ತೆ.

ಈ ಎಂಟು ಪೋಸ್ಟಲ್ಲಿ ನಾನು ಹೇಳೋದು ಒಂದೇ ವಿಷಯ: ನಮ್ಮ ಕಡೆ ಕೆರೆ ಸುತ್ತ ರೈಡ್ ಹೋಗೋದು ಯಾಕೆ ಕಷ್ಟ, ಯಾಕೆ ಹೋಗಲೇಬೇಕು.

2/8
ಮೊದಲು ಮ್ಯಾಪ್ ತೆಗೀರಿ. ಬರೀ ಊರ ಹೆಸರು ಓದ್ತಾ ಹೋಗಿ. ಚಳ್ಳಕೆರೆ. ರಾಣಿಕೆರೆ. ಬಳ್ಳಾರಿ ಹೈವೇಲಿ ಸಿಗೋ ಬಿ.ಜಿ.ಕೆರೆ. ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ ದೇವಸಮುದ್ರ, ನಾಗಸಮುದ್ರ. ಕಡಲು ನೂರಾರು ಕಿಲೋಮೀಟರ್ ದೂರ, ಹೆಸರು ಮಾತ್ರ ಸಮುದ್ರ! ಹಿಂದಿನ ಕಾಲದಲ್ಲಿ ದೊಡ್ಡ ಕೆರೆಗೆ ಸಮುದ್ರ ಅಂತಲೇ ಹೆಸರಿಡ್ತಿದ್ರು. ಇಡೀ ಕರ್ನಾಟಕದಲ್ಲೇ ಕಡಿಮೆ ಮಳೆ ಬೀಳೋ ಸೀಮೆ ನಮ್ಮದು. ಇಲ್ಲಿ ಒಂದು ಮಳೆಗಾಲದ ನೀರನ್ನ ಹಿಡಿದು ನಿಲ್ಲಿಸಿದವರಿಗೆ ಅದು ಸಮುದ್ರದಷ್ಟೇ ದೊಡ್ಡದಾಗಿ ಕಂಡಿದ್ದರೆ ತಪ್ಪೇನಿದೆ?

ಇನ್ನೊಂದು ಗಮನಿಸಿ. ಇದರಲ್ಲಿ ಒಂದೂ ತಾನಾಗೇ ಹುಟ್ಟಿದ ಸರೋವರ ಅಲ್ಲ. ರೀಲ್ಸ್‌ನಲ್ಲಿ ಬರೋ ಸರೋವರ ಮೊದಲು ಇತ್ತು, ಊರು ಆಮೇಲೆ ಬಂತು. ನಮ್ಮಲ್ಲಿ ಜನ ಮಣ್ಣು ಹೊತ್ತು ಕೆರೆ ಕಟ್ಟಿದ ಮೇಲೇ ಊರು ನಿಂತಿದ್ದು. ಹಾಗಾಗಿ ಹಳೇ ಗಾಡಿ ದಾರಿಗಳು ಊರಿಂದ ಊರಿಗೆ ಅನ್ನೋದಕ್ಕಿಂತ ನೀರಿಂದ ನೀರಿಗೆ ಹೋಗ್ತಿದ್ದವು. ಎತ್ತಿಗೆ ನೀರು ಸಿಗದ ಕಡೆ ಗಾಡಿ ಹೊಡೆಯೋದು ಯಾರು?

3/8
ಸರಿ, ಸುತ್ತು ಹಾಕೋಣ ಅಂತ ನಮ್ಮೂರ ಕೆರೆಯಿಂದಲೇ ಶುರು ಮಾಡಿದೆ. ಏರಿ ಮೇಲೆ ಸೈಕಲ್ ಹತ್ತಿಸಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಅಚ್ಚುಕಟ್ಟಿನ ಗದ್ದೆ, ನಡುವೆ ತೂಬು, ತುದಿಯಲ್ಲಿ ಕೋಡಿ. ಸೂಪರ್ ರೈಡ್. ಕೋಡಿ ದಾಟಿದ ಮೇಲೆ ದಾರಿ ಮುಗೀತು. ಮುಂದೆ ಬರೀ ಬಳ್ಳಾರಿ ಜಾಲಿ. ಎರಡು ಪಂಕ್ಚರ್.

ಆಗ ಅರ್ಥ ಆಯ್ತು. ನಮ್ಮ ಕೆರೆಗೆ ಏರಿ ಇರೋದು ಒಂದೇ ಕಡೆ. ಮಿಕ್ಕ ಕಡೆಯೆಲ್ಲ ನೆಲ ನಿಧಾನಕ್ಕೆ ಏರುತ್ತೆ, ಮಳೆ ಹೆಚ್ಚಾದ ವರ್ಷ ನೀರು ಹಿಂದಕ್ಕೆ ಹರಡುತ್ತೆ, ಬರಗಾಲದಲ್ಲಿ ಏರಿ ಬುಡಕ್ಕೆ ಸರಿಯುತ್ತೆ. ದಡ ಅನ್ನೋದು ಒಂದು ಗೆರೆ ಅಲ್ಲ, ವರ್ಷಕ್ಕೊಂದು ಗೆರೆ.

ಅಲ್ಲಿ ಕುರಿ ಬಿಟ್ಕೊಂಡು ಕೂತಿದ್ದ ಒಬ್ಬ ತಾತ ನನ್ನ ಪಾಡು ನೋಡಿ ನಕ್ಕರು. ಅವರಪ್ಪ ಈ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ತೂಬು ಎತ್ತಿ ಇಳಿಸಿ ಹಂಚ್ತಿದ್ದವರು. "ಅಗೋ ಆ ಬೇವಿನ ಮರ ಕಾಣ್ತದಲ್ಲ ಮಗಾ, ಅಲ್ಲೀ ತಂಕ ನೀರು ನಿಂತಿದ್ದು ನಾನೇ ನೋಡೀನಿ" ಅಂದರು. ಬೇವಿನ ಮರ ನೀರಿನಿಂದ ಎಷ್ಟೋ ದೂರದಲ್ಲಿತ್ತು. ನಡುವಿನ ಜಾಗದಲ್ಲಿ ಸಾಲಾಗಿ ಸುಣ್ಣ ಬಳಿದ ಕಲ್ಲು. ಯಾರದೋ ಸೈಟುಗಳು.

4/8
ಮುಂದಿನ ವಾರ ನಾಯಕನಹಟ್ಟಿಗೆ ಹೋದೆ. ಚಳ್ಳಕೆರೆಯಿಂದ 20 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಪೂರ್ತಿ ಎದುರು ಗಾಳಿ. ಫಾಲ್ಗುಣದ ಜಾತ್ರೆಗೆ ನೀವೆಲ್ಲ ಹೋಗಿರ್ತೀರಿ: ತೇರು, ಮುಕ್ತಿ ಬಾವುಟದ ಹರಾಜು, ಸುಡುವ ಕೊಬ್ಬರಿಯ ಹೊಗೆ. ಆದರೆ ತಿಪ್ಪೇರುದ್ರಸ್ವಾಮಿ ಜನರ ನೆನಪಲ್ಲಿ ಉಳಿದಿರೋದು ಪವಾಡಕ್ಕಿಂತ ಹೆಚ್ಚಾಗಿ ಕೆರೆಗಳಿಂದ. ಸುತ್ತಮುತ್ತ ಐದು ಕೆರೆ ಕಟ್ಟಿಸಿದರು ಅಂತ ಈ ಸೀಮೆಯೆಲ್ಲ ಹೇಳುತ್ತೆ. "ಮಾಡಿದಷ್ಟು ನೀಡು ಭಿಕ್ಷೆ" ಅನ್ನೋ ಮಾತು ಇಲ್ಲಿ ಆಟೋ ಹಿಂದೆಯೂ ಇದೆ, ಅಂಗಡಿ ಬೋರ್ಡ್ ಮೇಲೂ ಇದೆ. ಎಷ್ಟು ಕೆಲಸವೋ ಅಷ್ಟು ಕೂಲಿ. ಕೆರೆ ಕೆಲಸದ ಜಾಗದಲ್ಲಿ ನಿಂತು ಓದಿದರೆ ಅದು ಉಪದೇಶದ ಥರ ಅಲ್ಲ, ಹಾಜರಿ ಪುಸ್ತಕದ ಥರ ಕೇಳುತ್ತೆ.

ಇಲ್ಲಿನ ಕೆರೆ ಉಳಿದಿರೋಕೆ ಒಂದು ಸರಳ ಕಾರಣ ಇದೆ ಅಂತ ನನಗನ್ನಿಸಿದ್ದು. ಪ್ರತಿ ವರ್ಷ ಸಾವಿರಾರು ಜನ ಬರ್ತಾರೆ, ಗಾಡಿ ಕಟ್ಕೊಂಡು ಬಂದು ಬಯಲಲ್ಲಿ ಇಳ್ಕೊಳ್ತಾರೆ, ನೀರು ಎಲ್ಲಿದೆ ಅಂತ ಹುಡುಕ್ತಾರೆ. ಜನ ತಿರುಗಾಡೋ ಜಾಗಕ್ಕೆ ಕಲ್ಲು ನೆಡೋದು ಸುಲಭ ಅಲ್ಲ.

5/8
ನಾಯಕನಹಟ್ಟಿ ಹತ್ತಿರವೇ ಕುದಾಪುರ, ವರವು ಕಾವಲು. ಕಾವಲು ಅಂದರೆ ದನ ಮೇಯಿಸೋಕೆ ಮೀಸಲಿಟ್ಟ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದ ಅರಮನೆಯ ದನದ ಇಲಾಖೆಗೆ ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. ಈ ತಳಿಯ ಎತ್ತು ಎಂಥವು ಗೊತ್ತಾ? ಹೈದರಾಲಿ ಇವುಗಳ ಬಲದಿಂದ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರಂ ತಲುಪಿದ ಅಂತ ಹಳೇ ಗೆಜೆಟಿಯರ್‌ಗಳು ಬರೀತವೆ. ತೋಪು ಎಳ್ಕೊಂಡು 160 ಕಿ.ಮೀ.! ನಮ್ಮ ಸೈಕಲ್‌ಗಿಂತ ಅವೇ ವಾಸಿ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ದನಗಳು ವರ್ಷವಿಡೀ ನಡೀತಿದ್ದವು. ಅವಕ್ಕೂ ದಾರಿ ಇತ್ತು, ದಾರಿಯಲ್ಲಿ ನೀರು ಇತ್ತು.

ಆ ದಾರಿಯನ್ನ ಯಾರೂ ಬರೆದಿಡಲಿಲ್ಲ. ನಮ್ಮ ತಾಲ್ಲೂಕಿನ ಕಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಬಾರ್ಕ್‌ಗೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ಹಂಚಿಕೆ ಆಯ್ತು. ಗೋಡೆ ಎದ್ದಾಗ, ಇಲ್ಲಿ ಕುರಿ ದನ ಮೇಯಿಸ್ತಿದ್ದೀವಿ ಅಂತ ಹಳ್ಳಿಗಳವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. ವಿಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮಲ್ಲೇ ಎಷ್ಟೋ ಜನಕ್ಕೆ ಅಲ್ಲಿ ಕೆಲಸ ಮಾಡೋ ಕನಸಿದೆ. ಕಾಗದದಲ್ಲಿ 'ಖಾಲಿ' ಅಂತ ಕಂಡ ಜಾಗ, ಕಂಬಳಿ ನೇಯೋ ಮನೆಗಳಿಗೆ ಉಣ್ಣೆ ಕೊಡೋ ಕುರಿಗಳ ಹೊಟ್ಟೆ ತುಂಬಿಸ್ತಿತ್ತು ಅನ್ನೋದನ್ನೂ ಸೇರಿಸಿ ಲೆಕ್ಕ ಹಾಕಬೇಕು, ಅಷ್ಟೇ.

6/8
ದಡದ ಗೆರೆ ಮರೆತರೆ ಏನಾಗುತ್ತೆ? ಉತ್ತರ ಪಕ್ಕದ ಹಿರಿಯೂರಲ್ಲಿದೆ. (ಇಲ್ಲಿಗೆ ಬಸ್ಸಲ್ಲಿ ಹೋದೆ, ಸುಳ್ಳು ಹೇಳಲ್ಲ.)

ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗೀತು. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ, ಅವರ ಹೆಸರೇ ಇದಕ್ಕೂ. ಇದೇ ವೇದಾವತಿ ಮುಂದೆ ನಮ್ಮ ತಾಲ್ಲೂಕಿಗೆ ಬರೋದು. ಜಲಾಶಯ 1933ರಲ್ಲಿ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ!

ಎಲ್ಲರೂ ಕೋಡಿ ನೋಡೋಕೆ ಹೋಗಿ ಸೆಲ್ಫಿ ತಗೊಂಡ್ವಿ. ಆದರೆ ಹಿಂದೆ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಕಡೆ ತೋಟ, ಹೊಲ ಮುಳುಗಿದವು. ಯೋಚನೆ ಮಾಡಿ: 89 ವರ್ಷ ಅಂದರೆ ಮೂರು ತಲೆಮಾರು. ಅಜ್ಜ ನೋಡಿದ ದಡವನ್ನ ಮೊಮ್ಮಗ ನೋಡಿಲ್ಲ. ಅಡಿಕೆ, ತೆಂಗು ಹಾಕಿದವರೆಲ್ಲ ಕಳ್ಳರಲ್ಲ. ನೀರು ಇಲ್ಲೀವರೆಗೆ ಬರುತ್ತೆ ಅಂತ ಕಣ್ಣಾರೆ ಕಂಡು ಹೇಳೋರೇ ಉಳಿದಿರಲಿಲ್ಲ. ನೀರು ಮಾತ್ರ ತನ್ನ ಜಾಗ ಮರೀಲಿಲ್ಲ.

7/8
ಕೊನೇ ರೈಡ್ ಮೊಳಕಾಲ್ಮೂರು ಕಡೆಗೆ, ತಳುಕು, ಬಿ.ಜಿ.ಕೆರೆ ದಾಟಿ. ತಳುಕಲ್ಲಿ ಐದು ನಿಮಿಷ ನಿಂತೆ, ತ.ರಾ.ಸು. ಅವರ ಹೆಸರಿನ 'ತ' ಇದೇ ಊರು. ಆಮೇಲೆ ಅಶೋಕ ಸಿದ್ದಾಪುರ, ಬ್ರಹ್ಮಗಿರಿ.

ಇಲ್ಲಿನ ಅಶೋಕನ ಶಾಸನಗಳನ್ನ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದರು. ಸುವರ್ಣಗಿರಿಯಿಂದ ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ನಿಜ ಹೇಳಿ, ಗುರುಗಳನ್ನ ಗೌರವಿಸಿ ಅನ್ನೋ ಅರ್ಥದ ಮಾತುಗಳು. ಕೆತ್ತಿದ ಲಿಪಿಕಾರ ಚಪಡ ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯ ಹೆಸರನ್ನ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಅಲ್ಲಿನ ಲಿಪಿ ಕಲಿತವನೊಬ್ಬ ನಮ್ಮ ಬಂಡೆವರೆಗೂ ಬಂದಿದ್ದ! ಶಾಸನದಲ್ಲಿ 256 ಅಂತ ಒಂದು ಸಂಖ್ಯೆ ಇದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅಂತ ಅನೇಕ ವಿದ್ವಾಂಸರು ಅದನ್ನ ಓದ್ತಾರೆ.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆಸಿದಾಗ ಸಿಕ್ಕ ಒಂದು ಬಗೆಯ ಮಡಕೆ ಚೂರು, ಅವರೇ 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ನೋಡಿದ್ದ ಮಡಕೆಯ ಬಗೆಯೇ. ಅಂದರೆ ಎರಡು ಸಾವಿರ ವರ್ಷದ ಹಿಂದೆ ಕಡಲ ತೀರಕ್ಕೂ ನಮಗೂ ದಾರಿ ಇತ್ತು.

ನಂಗೆ ಇಷ್ಟ ಆಗಿದ್ದು ಇನ್ನೊಂದು. ಶಾಸನ ಓದೋರು ಯಾರೂ ಇಲ್ಲದ ಕಾಲದಲ್ಲೂ ಬ್ರಹ್ಮಗಿರಿಯ ಈ ಬಂಡೆಗೆ ಜನ 'ಅಕ್ಷರ ಗುಂಡು' ಅಂತಿದ್ರು. ಜಟಿಂಗ ರಾಮೇಶ್ವರದ್ದು 'ಬಳೆಗಾರ ಗುಂಡು', ಜಾತ್ರೆಯಲ್ಲಿ ಬಳೆ ಅಂಗಡಿ ಅಲ್ಲೇ ಹೂಡ್ತಿದ್ರು. ಇಸಿಲ ಅನ್ನೋ ಹೆಸರು ಊರವರ ಬಾಯಿಂದ ಹೋಯ್ತು, ಅಕ್ಷರ ಓದೋದು ಮರೆತೋಯ್ತು. ಆದರೆ ಅಲ್ಲಿ ಓಡಾಡ್ತಿದ್ದವರು ಬಂಡೆಗೊಂದು ಹೆಸರು ಉಳಿಸಿಕೊಂಡಿದ್ರು.

8/8
ನಮ್ಮೂರ ಕೆರೆಗೆ ಬರೆದಿಟ್ಟ ಬಂಡೆ ಇಲ್ಲ. ತಾತ ಇದಾರೆ.

ಕಳೆದ ಭಾನುವಾರ ಮತ್ತೆ ಹೋದೆ. "ತಾತಾ, ಕ್ಯಾರಿಯರ್ ಮೇಲೆ ಕೂತ್ಕೊಳ್ಳಿ, ನೀರು ಎಲ್ಲೆಲ್ಲಿ ನಿಲ್ತಿತ್ತು ತೋರ್ಸಿ" ಅಂದೆ. ಮೊದಲು ಬೈದರು, ಆಮೇಲೆ ಕೋಲು ಹಿಡ್ಕೊಂಡು ಕೂತರು. ಬೇವಿನ ಮರ, ಒಂದು ಹುತ್ತ, ಹಳೇ ಕಲ್ಲುಬಾವಿ, ಒಂದು ಹುಣಸೆ ಮರ. ಪ್ರತಿ ಕಡೆ ನಿಂತು ಫೋನಲ್ಲಿ ಗುರುತು ಹಾಕಿದೆ, ಫೋಟೊ ತೆಗೆದೆ. ಎಷ್ಟೋ ಕಡೆ ಸೈಕಲ್ ತಳ್ಕೊಂಡು ಹೋದ್ವಿ. ಒಂದು ಕಡೆ ತಂತಿ ಬೇಲಿ, ದಾಟೋಕಾಗಲಿಲ್ಲ. ಅಲ್ಲಿ ಗೆರೆ ತುಂಡಾಗಿದೆ. ಕೊನೇ ಫೋಟೊ ನೋಡಿ: ಮ್ಯಾಪ್ ಮೇಲೆ ಒಂದು ಅರೆಬರೆ ಸುತ್ತು. ಇಳಿಯುವಾಗ ತಾತ ಕೇಳಿದ್ದು ಒಂದೇ ಮಾತು: "ಇದನ್ನ ಎಲ್ಲಾದ್ರೂ ಬರ್ಕೊಂಡ್ಯಾ?"

ಬರ್ಕೊಂಡಿದೀನಿ. ಸರ್ವೆ ನಕ್ಷೆ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಬೇಕು. ಗ್ರಾಮಸಭೆಯಲ್ಲಿ ಇದನ್ನೇ ಪ್ರಿಂಟ್ ಹಾಕಿಸಿ ಕೊಡೋಣ ಅಂತಿದೀನಿ.

ನಿಮ್ಮೂರಲ್ಲೂ ಒಂದು ಕೆರೆ ಇರುತ್ತೆ, ನೀರು ತುಂಬಿದ್ದನ್ನ ನೋಡಿದ ಒಬ್ಬ ಅಜ್ಜನೋ ಅಜ್ಜಿಯೋ ಇರ್ತಾರೆ. ಈ ಭಾನುವಾರ ಬೆಳಿಗ್ಗೆ ಆರಕ್ಕೆ, ಬಿಸಿಲು ಏರೋ ಮುಂಚೆ ಹೊರಡಿ. ಎರಡು ಬಾಟಲ್ ನೀರು, ಪಂಕ್ಚರ್ ಕಿಟ್ ಇಟ್ಕೊಳ್ಳಿ. ಬ್ಯಾಗ್ ಮಾತ್ರ ಬೆನ್ನಿಗೆ ಹಾಕ್ಕೊಳ್ಳಿ.

ಕ್ಯಾರಿಯರ್ ಖಾಲಿ ಇರಲಿ.

#ಚಳ್ಳಕೆರೆ #ಮೊಳಕಾಲ್ಮೂರು #ನಮ್ಮಕೆರೆ #ಸೈಕಲ್‌ಸುತ್ತು #ನೀರುಗಂಟಿ